ಪದಚರ್ಚೆ: ದೇಶಗಳು ಅಧಿಕಾರ ‘ಬಿಟ್ಟುಕೊಟ್ಟವೋ’, ‘ವಹಿಸಿದವೋ’, ‘ಒಪ್ಪಿಸಿದವೋ’?

ಎಲ್ಲರಿಗೂ ನಮಸ್ಕಾರ.

ಯುರೋಪಿಯನ್ ಒಕ್ಕೂಟದಲ್ಲಿ ಕೊನೆಗೆ ಯಾರ ಮಾತು ನಡೆಯುತ್ತದೆ, ಒಕ್ಕೂಟದ್ದೋ ಸದಸ್ಯ ದೇಶಗಳದ್ದೋ ಅಂತ ವಿವರಿಸುವ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ‘ಸುಪ್ರಾನ್ಯಾಷನಲ್’ ಎದುರಾಯಿತು, ಅಂದರೆ ಒಂದೊಂದು ದೇಶಕ್ಕಿಂತ ಮೇಲಿನ ಹಂತದ್ದು. ಎರಡು ದಿನದಿಂದ ಅಲ್ಲೇ ನಿಂತಿದ್ದೇನೆ. ನಿಮ್ಮ ಸಹಾಯ ಬೇಕು.

‘ಅಂತರರಾಷ್ಟ್ರೀಯ’ ಸಾಲುವುದಿಲ್ಲ, ಅದು ದೇಶ ದೇಶಗಳ ನಡುವಿನದು. ‘ಬಹುರಾಷ್ಟ್ರೀಯ’ ಅಂದ ಕೂಡಲೇ ಕಂಪನಿಗಳು ನೆನಪಾಗುತ್ತವೆ. ಉಳಿದದ್ದು ‘ರಾಷ್ಟ್ರಾತೀತ’ ಮತ್ತು ‘ಅಧಿರಾಷ್ಟ್ರೀಯ’. ಎರಡರ ಮೇಲೂ ನನಗೆ ತಕರಾರಿದೆ. ಪಕ್ಷಾತೀತ ಅಂದರೆ ಪಕ್ಷಗಳ ಹಂಗಿಲ್ಲದ್ದು ಅಂತ ಅಲ್ವಾ? ಈ ಒಕ್ಕೂಟ ದೇಶಗಳ ಹಂಗು ದಾಟಿ ಹೋದದ್ದಲ್ಲ. ಅಲ್ಲಿನ ಕೌನ್ಸಿಲ್‌ನಲ್ಲಿ ಕೂತು ಕಾನೂನಿಗೆ ಮತ ಹಾಕುವವರು 27 ದೇಶಗಳ ಮಂತ್ರಿಗಳೇ. ಇನ್ನು ‘ಅಧಿ’ ಅನ್ನುವುದರಲ್ಲಿ ಅಧಿಪತಿಯ ನೆರಳಿದೆ, ಮೇಲೆ ಕೂತು ಆಳುವವನು ಅನ್ನುವ ಭಾವ. ಅದೂ ಪೂರ್ತಿ ಸರಿಯಲ್ಲ.

ಈ ಪದದ ಬಗ್ಗೆ ಅಲ್ಲಿನವರಿಗೂ ಸಮಾಧಾನ ಇರಲಿಲ್ಲ. ಈ ಒಕ್ಕೂಟದ ಮೊದಲ ಹೆಜ್ಜೆಯಾಗಿ 1951ರಲ್ಲಿ ಆರು ದೇಶಗಳು ಕಲ್ಲಿದ್ದಲು ಮತ್ತು ಉಕ್ಕಿಗಾಗಿ ಪ್ಯಾರಿಸ್ ಒಪ್ಪಂದ ಮಾಡಿಕೊಂಡಾಗ ಅದರ 9ನೇ ವಿಧಿಯಲ್ಲಿ ‘ಸುಪ್ರಾನ್ಯಾಷನಲ್’ ಅಂತ ನೇರವಾಗಿ ಬರೆದಿದ್ದರು. 1957ರ ರೋಮ್ ಒಪ್ಪಂದದಲ್ಲಿ ಆ ಪದವೇ ಇಲ್ಲ. 1965ರ ಮಧ್ಯದಿಂದ ಫ್ರಾನ್ಸ್, ಡಿ ಗಾಲ್ ಅಧ್ಯಕ್ಷರಾಗಿದ್ದಾಗ, ಕೃಷಿಯ ಹಣಕಾಸು ಮತ್ತು ಬಹುಮತದಿಂದ ತೀರ್ಮಾನ ಮಾಡುವ ಕ್ರಮದ ಮೇಲೆ ಜಗಳವಾಗಿ ಕೌನ್ಸಿಲ್ ಸಭೆಗಳಿಗೆ ಬರುವುದನ್ನೇ ನಿಲ್ಲಿಸಿತು. ಅದನ್ನು ‘ಖಾಲಿ ಕುರ್ಚಿ’ ಬಿಕ್ಕಟ್ಟು ಅನ್ನುತ್ತಾರೆ. 1966ರ ಜನವರಿಯಲ್ಲಿ ಲಕ್ಸೆಂಬರ್ಗ್‌ನಲ್ಲಿ ರಾಜಿಯಾಯಿತು.

ಆದರೆ ನನಗೆ ಹೆಸರಿಗಿಂತ ಜಾಸ್ತಿ ಕಾಟ ಕೊಡುತ್ತಿರುವುದು ಕ್ರಿಯಾಪದ. ದೇಶಗಳು ಒಕ್ಕೂಟಕ್ಕೆ ಅಧಿಕಾರವನ್ನು ಏನು ಮಾಡಿದವು? ‘ಸಾರ್ವಭೌಮತ್ವ ಬಿಟ್ಟುಕೊಟ್ಟವು’ ಅಂತ ಸುಮ್ನೆ ಬರೆದುಬಿಡುತ್ತೇವೆ. ಬಿಟ್ಟುಕೊಟ್ಟದ್ದು ಮತ್ತೆ ನಮ್ಮದಲ್ಲ. ಒಕ್ಕೂಟದ ಮೂಲ ಒಪ್ಪಂದ ಹೇಳುವುದೇ ಬೇರೆ. ಅದರ 5ನೇ ವಿಧಿ ಪ್ರಕಾರ ದೇಶಗಳು ಕೊಟ್ಟಷ್ಟು ಅಧಿಕಾರ ಮಾತ್ರ ಒಕ್ಕೂಟಕ್ಕೆ, ಕೊಡದೆ ಉಳಿದದ್ದೆಲ್ಲ ದೇಶಗಳದ್ದೇ. 50ನೇ ವಿಧಿ ಪ್ರಕಾರ ಯಾವ ದೇಶ ಬೇಕಾದರೂ ಹೊರಗೆ ಹೋಗಬಹುದು. ಬ್ರಿಟನ್ 2016ರ ಜನಮತದ ನಂತರ ಆ ದಾರಿಯಲ್ಲೇ 2020ರ ಜನವರಿ 31ರಂದು ಹೊರಬಂತು. ವಾಪಸ್ ಪಡೆಯಬಹುದಾದದ್ದನ್ನು ‘ಬಿಟ್ಟುಕೊಟ್ಟರು’ ಅಂದರೆ ಓದುಗರಿಗೆ ತಪ್ಪು ಚಿತ್ರ ಕೊಟ್ಟಂತೆ.

ಹಾಗಾದರೆ ‘ವಹಿಸಿದವು’ ಅನ್ನೋಣವೇ ಅಂದುಕೊಂಡೆ. ಅದು ಸಡಿಲವಾಯಿತು. ಒಬ್ಬರಿಗೆ ಕೆಲಸ ವಹಿಸಿದರೆ ನಾಳೆ ಬೇಡ ಅನ್ನಬಹುದು. ಇಲ್ಲಿ ಸದಸ್ಯನಾಗಿ ಒಳಗಿರುವ ತನಕ ಹಾಗೆ ಒಂದೊಂದೇ ಅಧಿಕಾರವನ್ನು ತನ್ನಷ್ಟಕ್ಕೆ ಹಿಂದಕ್ಕೆ ಎಳೆದುಕೊಳ್ಳುವಂತಿಲ್ಲ. 1964ರಲ್ಲಿ ಇಟಲಿಯ ಕೋಸ್ಟಾ ಎಂಬ ವಕೀಲರ ಕರೆಂಟ್ ಬಿಲ್ಲಿನ ತಕರಾರು ಲಕ್ಸೆಂಬರ್ಗ್‌ನಲ್ಲಿರುವ, ಇಂದಿನ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು. ದೇಶಗಳು ತಮ್ಮ ಸಾರ್ವಭೌಮ ಹಕ್ಕುಗಳಿಗೆ ಶಾಶ್ವತವಾದ ಮಿತಿ ಹಾಕಿಕೊಂಡಿವೆ, ಆಮೇಲೆ ಮಾಡಿದ ದೇಶದ ಕಾನೂನು ಆ ಒಪ್ಪಂದವನ್ನು ಮೀರಲಾರದು ಎಂದಿತು ನ್ಯಾಯಾಲಯ. ‘ಶಾಶ್ವತ’ ಎಂಬ ಮಾತಿನ ತೂಕವನ್ನು ‘ವಹಿಸು’ ಹೊರುವುದಿಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ತಪ್ಪು ಬಳಕೆಯನ್ನೂ ಹೇಳಿಬಿಡುತ್ತೇನೆ. ಒಕ್ಕೂಟದ ಕಾನೂನಿಗೂ ದೇಶದ ಕಾನೂನಿಗೂ ತಿಕ್ಕಾಟವಾದರೆ ದೇಶದ ಕಾನೂನು ‘ರದ್ದಾಗುತ್ತದೆ’ ಅಂತ ಬರೆಯುತ್ತಾರೆ. ರದ್ದಾಗುವುದಿಲ್ಲ. ಆ ಪ್ರಕರಣದ ಮಟ್ಟಿಗೆ ನ್ಯಾಯಾಧೀಶರು ಅದನ್ನು ಬದಿಗಿಡಬೇಕು, ಅಷ್ಟೆ. ಕಾನೂನು ಪುಸ್ತಕದಲ್ಲಿ ಹಾಗೇ ಇರುತ್ತದೆ.

ಜರ್ಮನ್ ಭಾಷೆಯಲ್ಲಿ ಏನು ಮಾಡಿದರು ನೋಡಿ. ಅವರ ಹತ್ತಿರ ಎರಡು ಪದ ಇದ್ದವು. ಸ್ವತಂತ್ರ ದೇಶಗಳ ಸಡಿಲ ಕೂಟಕ್ಕೆ ‘ಶ್ಟಾಟೆನ್‌ಬುಂಟ್’, ಒಕ್ಕೂಟವೇ ಒಂದು ದೇಶವಾದರೆ ‘ಬುಂಡೆಸ್‌ಶ್ಟಾಟ್’. ಯುರೋಪಿಯನ್ ಒಕ್ಕೂಟ ಎರಡೂ ಅಲ್ಲ. 1993ರಲ್ಲಿ, ಯುರೋಪಿಯನ್ ಒಕ್ಕೂಟವನ್ನು ಕಟ್ಟಿದ ಮಾಸ್ಟ್ರಿಕ್ಟ್ ಒಪ್ಪಂದದ ಬಗ್ಗೆ ತೀರ್ಪು ಕೊಟ್ಟ ಜರ್ಮನಿಯ ಸಂವಿಧಾನ ನ್ಯಾಯಾಲಯ ನಡುವಿನದಕ್ಕೆ ‘ಶ್ಟಾಟೆನ್‌ಫೆರ್ಬುಂಟ್’ ಅಂತ ಬಳಸಿತು. ಸದಸ್ಯ ದೇಶಗಳು ಇನ್ನೂ ‘ಒಪ್ಪಂದಗಳ ಒಡೆಯರು’ ಅಂತಲೂ ಹೇಳಿತು. ಆ ಮಾತು ಬರೀ ಅಲಂಕಾರವಾಗಿ ಉಳಿಯಲಿಲ್ಲ. 2020ರ ಮೇ ತಿಂಗಳಲ್ಲಿ ಇದೇ ನ್ಯಾಯಾಲಯ, ಯುರೋಪಿನ ಕೇಂದ್ರ ಬ್ಯಾಂಕಿನ ಸಾಲಪತ್ರ ಖರೀದಿಯ ವಿಷಯದಲ್ಲಿ ಲಕ್ಸೆಂಬರ್ಗ್ ನ್ಯಾಯಾಲಯದ ತೀರ್ಪೇ, ದೇಶಗಳು ಕೊಟ್ಟ ಅಧಿಕಾರದ ಎಲ್ಲೆ ಮೀರಿದೆ ಅಂದಿತು. ಎಲ್ಲೆ ಎಲ್ಲಿದೆ ಅಂತ ಹೇಳುವ ಹಕ್ಕು ಯಾರದು ಅನ್ನುವುದೇ ಇವತ್ತಿಗೂ ತೀರದ ಜಗಳ. ಪದ ಆರಿಸುವಾಗ ನಾವೂ ಗೊತ್ತಿಲ್ಲದೆ ಅದರಲ್ಲಿ ಒಂದು ಪಕ್ಷ ಹಿಡಿದುಬಿಡುತ್ತೇವೆ, ನನಗೆ ಆ ಹೆದರಿಕೆ.

ಕನ್ನಡದಲ್ಲಿ ಈ ಮೂರಕ್ಕೂ ‘ಒಕ್ಕೂಟ’ ಅಂತಲೇ ಬಳಸುತ್ತೇವೆ. ಪದವನ್ನು ಬಿಡಿಸಿ ನೋಡಿದಾಗ ಖುಷಿಯಾಯಿತು. ಒಕ್ಕೊರಲು, ಒಗ್ಗಟ್ಟು ಇವುಗಳಲ್ಲಿರುವ ಹಾಗೆ ಇದರಲ್ಲೂ ‘ಒಂದು’ ಅಡಗಿದೆ. ಹಾಗಾದರೆ ಸಡಿಲವಾದದ್ದು ಬರೀ ‘ದೇಶಗಳ ಕೂಟ’, ಒಂದೇ ದೇಶವಾದದ್ದು ‘ಒಕ್ಕೂಟ ದೇಶ’, ನಡುವಿನದು ‘ದೇಶಗಳ ಒಕ್ಕೂಟ’ ಅನ್ನಬಹುದಲ್ವಾ? ಹೊಸ ಪದ ಕಟ್ಟುವುದೇ ಬೇಡ. ‘ಸುಪ್ರಾನ್ಯಾಷನಲ್’ಗೂ ಒಂಟಿ ಪದ ಹುಡುಕುವುದನ್ನು ಬಿಟ್ಟು ‘ದೇಶಗಳ ಮೇಲಣ’ ಅನ್ನಬಹುದೇ? ಒಳಗಣ, ಹೊರಗಣದ ಹಾಗೆ ಮೇಲಣ. ಜಾಗ ತೋರಿಸುತ್ತದೆ, ದರ್ಪ ತೋರಿಸುವುದಿಲ್ಲ.

ಮತ ಹಾಕುವ ಕ್ರಮಕ್ಕೂ ಪದ ಬೇಕು. ತೆರಿಗೆ, ವಿದೇಶಾಂಗ ನೀತಿಯಂಥ ವಿಷಯಗಳಿಗೆ ಒಕ್ಕೊರಲು ಬೇಕು, ಒಂದು ದೇಶ ಬೇಡ ಅಂದರೂ ನಿಂತುಹೋಗುತ್ತದೆ. ಉಳಿದ ಬಹಳಷ್ಟಕ್ಕೆ 27ರಲ್ಲಿ 15 ದೇಶ ಒಪ್ಪಬೇಕು, ಆ ದೇಶಗಳಲ್ಲಿ ಒಕ್ಕೂಟದ 65% ಜನ ಇರಬೇಕು. ಇದನ್ನು ‘ಅರ್ಹ ಬಹುಮತ’ ಅಂದರೆ ಯಾರಿಗೆ ಅರ್ಥವಾದೀತು? ‘ಜೋಡಿ ಬಹುಮತ’ ನನಗೆ ಹಿಡಿಸಿದೆ.

‘ಸಬ್ಸಿಡಿಯಾರಿಟಿ’ಯನ್ನು ‘ಅಧೀನತೆ’ ಅಂತ ಮಾಡಿದರೆ ಅರ್ಥವೇ ತಿರುಗಿಬೀಳುತ್ತದೆ. ಕೆಳಗಿನವರು ಚೆನ್ನಾಗಿ ಮಾಡಬಲ್ಲ ಕೆಲಸಕ್ಕೆ ಮೇಲಿನವರು ಕೈಹಾಕಬಾರದು ಅನ್ನುವುದು ಅದರ ತಿರುಳು. ಹೊಸ ಕಾನೂನಿನ ಪ್ರಸ್ತಾವ ಈ ತತ್ವ ಮೀರಿದೆ ಅನಿಸಿದರೆ ದೇಶಗಳ ಸಂಸತ್ತುಗಳು 8 ವಾರದೊಳಗೆ ಆಕ್ಷೇಪ ಹೇಳಬಹುದು. ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು ಮತ ಬಂದರೆ ಮರುಪರಿಶೀಲನೆ ಮಾಡಲೇಬೇಕು. 2012ರಲ್ಲಿ ಮುಷ್ಕರದ ಹಕ್ಕಿನ ಪ್ರಸ್ತಾವಕ್ಕೆ ಮೊದಲ ಸಲ ಹೀಗಾಯಿತು, ಕೊನೆಗೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. ‘ಕೆಳಹಂತ ಮೊದಲು’ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ಇದಕ್ಕಿಂತ ಚೆನ್ನಾದದ್ದು ಹೊಳೆದರೆ ದಯವಿಟ್ಟು ಹೇಳಿ.

ಮತ್ತೆ ಕ್ರಿಯಾಪದಕ್ಕೆ ಬಂದರೆ, ಸದ್ಯ ನನ್ನ ಮನಸ್ಸು ‘ಒಪ್ಪಿಸು’ ಕಡೆ ವಾಲಿದೆ. ಒಪ್ಪಂದದಲ್ಲೂ ಒಪ್ಪಿಸುವುದರಲ್ಲೂ ‘ಒಪ್ಪು’ ಇದೆ, ಯಾರೂ ಕಿತ್ತುಕೊಂಡಿಲ್ಲ, ತಾವಾಗಿ ಕೊಟ್ಟದ್ದು ಅನ್ನುವುದು ಪದದಲ್ಲೇ ಬಂತು. ಆದರೆ ಕಳ್ಳನನ್ನು ಪೊಲೀಸರಿಗೆ ಒಪ್ಪಿಸುವುದೂ ಇದೇ ಪದ, ದೇವರಿಗೆ ಒಪ್ಪಿಸುವುದೂ ಇದೇ. ‘ಸದಸ್ಯ ದೇಶಗಳು ಒಕ್ಕೂಟಕ್ಕೆ ಒಪ್ಪಿಸಿದ ಅಧಿಕಾರಗಳು’ ಅಂತ ಓದಿದರೆ ನಿಮಗೆ ಶರಣಾಗತಿಯ ವಾಸನೆ ಬರುತ್ತದಾ?