ಕರಾವಳಿಯ ತೆರೆದ ಜಗಲಿಗೆ ಎಂತಹ ಕುರ್ಚಿ, ಮೇಜು ಸೂಕ್ತ?

ಪ್ರಶ್ನೆ: ಸುರತ್ಕಲ್ಲಿನಲ್ಲಿ ಕಡಲಿಗೆ ಹತ್ತಿರವಿರುವ ನಮ್ಮ ಮನೆಯ ತೆರೆದ ಜಗಲಿಗೆ, ಮಳೆಯನ್ನೂ ಉಪ್ಪುಗಾಳಿಯನ್ನೂ ತಾಳಿಕೊಳ್ಳುವ ಹೊಸ ಮಾದರಿಯ ಕುರ್ಚಿ, ಮೇಜುಗಳು ಬೇಕಾಗಿವೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ಬಿಸಿಯಿಂದ ಕರಗಿಸಿ ಅಂಟಿಸಿದ ಲೇಪ) ಮಾಡಿದ ಅಲ್ಯೂಮಿನಿಯಂ ಚೌಕಟ್ಟನ್ನೇ ಆರಿಸಿರಿ, ಅದು ಹಗುರ, ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಆದರೆ ಕೊಳ್ಳುವವರು ಸಾಮಾನ್ಯವಾಗಿ ಗಮನಿಸದ ಸ್ಕ್ರೂಗಳನ್ನು ತಪ್ಪದೆ ಪರೀಕ್ಷಿಸಿರಿ: ಮಾಲಿಬ್ಡಿನಂ ಎಂಬ ಲೋಹ ಬೆರೆತ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ 304 ದರ್ಜೆಗಿಂತ ಉಪ್ಪಿನ ಕೊರೆತವನ್ನು ಚೆನ್ನಾಗಿ ತಡೆಯುತ್ತದೆ.

ಉತ್ತರ 2: ಹೆಣಿಗೆಯ ಕುರ್ಚಿಯಾದರೆ ನಿಜವಾದ ಬೆತ್ತ ಬೇಡ, ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಬಿಸಿಲನ್ನು ತಾಳಿಕೊಳ್ಳುವ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಹೆಣಿಗೆ ಮೇಲು.

ಉತ್ತರ 3: ತೇಗವನ್ನು ಮರೆಯಬೇಡಿ. ಸಹಜವಾದ ಎಣ್ಣೆಯ ಅಂಶವಿರುವುದರಿಂದ ಅದು ನೀರನ್ನು ತಡೆದುಕೊಳ್ಳುತ್ತದೆ. ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿದರೂ ಗಟ್ಟಿತನ ಕುಗ್ಗುವುದಿಲ್ಲ, ನನಗಂತೂ ಆ ಬಣ್ಣವೇ ಹೆಚ್ಚು ಇಷ್ಟ.