ಬ್ಯಾಸಗ್ಯಾಗ ಕುದುರಿಗೆ ತರಬೇತಿ: ಕಾದ ಮೈಮ್ಯಾಲೆ ತಣ್ಣೀರು ಹಾಕಬಹುದೇನ್ರಿ?

ಘಟಪ್ರಭಾ_ಸವಾರ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಮುಧೋಳ ಕಡೆ ಹಳ್ಳಿ, ಐದು ವರ್ಷದ ಮಾರ್ವಾಡಿ ತಳಿ ಹೆಣ್ಗುದುರಿ ಐತಿ. ಚಳಿಗಾಲದಾಗ ಭಾಳ ಚಲೋ ಕಲೀತು, ಇನ್ನ ಕ್ಯಾಂಟರ್ (ನಿಧಾನ ನಾಗಾಲೋಟ) ಕಲಸೂಣು ಅನ್ನೂದ್ರಾಗ ಬಿಸಲು ಬಂತು. ಹ್ವಾದ ಐತವಾರ ಏಳೋದು ತಡಾ ಆಗಿ ಎಂಟೂವರಿಗೆ ಜೀನು ಹಾಕಿದೆ, ನಲವತ್ತ ನಿಮಿಷ ಆದ ಮ್ಯಾಲೆ ನಿಂತಬಿಡ್ತು ನೋಡ್ರಿ, ಏನ್ ಮಾಡಿದ್ರೂ ಹೆಜ್ಜಿ ಕೀಳವಲ್ದು. ಮೂಗಿನ ಹೊಳ್ಳಿ ಅರಳ್ಯಾವು, ಎರಡೂ ಪಕ್ಕಿ ಕಮ್ಮಾರನ ತಿದಿ ಆಡಿದಂಗ ಆಡಾಕತ್ತಾವು. ನಾ ಬಕೆಟ್ ನೀರ ತಂದೆ, ನಮ್ಮ ದೊಡ್ಡಪ್ಪ (ಮೊದಲ ಜಾತ್ರಿ ಗಾಡಿ ಓಟಕ್ಕ ಕುದುರಿ ಸಾಕಿದಾವ್ರು) ಕಾದ ಮೈಮ್ಯಾಲೆ ತಣ್ಣೀರ ಹಾಕಬ್ಯಾಡ ನರ ಹಿಡೀತಾವ, ಕುಡಸೂದೂ ಬ್ಯಾಡ ಅಂದ್ರು. ಬಕೆಟ್ ಹಿಡ್ಕೊಂಡ ಸುಮ್ನ ನಿಂತೆ. ನೆಟ್ಟಗ ಉಸಿರಾಡಾಕ ಒಂದು ತಾಸ ಹಿಡೀತು, ಆಮ್ಯಾಲೆ ಎದಿಮ್ಯಾಲೆಲ್ಲಾ ಬಿಳಿ ಉಪ್ಪಿನ ಗೆರಿ. ಮನಸಿಗೆ ಭಾಳ ಕೆಟ್ಟ ಅನಸೈತ್ರಿ. ಮಳಿ ಬರೂತನ ತರಬೇತಿನ ಬಿಟ್ಟಬಿಡ್ಲೋ ಏನ್ ಮಾಡ್ಲಿ?

ಲಾಯದ_ಹುಡುಗ_ಮೈಸೂರು:
ಅಣ್ಣಾ ಮೊದಲು ಆ ನೀರಿನ ವಿಷ್ಯ. ನಮ್ಮ ತಾತಂದಿರೂ ಹಂಗೇ ಹೇಳ್ತಿದ್ರು, ಆದ್ರೆ ಅದು ನಿಜ ಅಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುಂಚೆ ಅಲ್ಲಿನ ಸೆಖೆಗೆ ಕುದುರೆ ತಡ್ಕೊಳ್ಳುತ್ತಾ ಅಂತ ಸುಮಾರು ಸಂಶೋಧನೆ ಆಯ್ತು, ತಣ್ಣೀರು ಸುರಿದ್ರೆ ಸ್ನಾಯು ಹಿಡ್ಕೊಳ್ಳಲ್ಲ, ಮೈಬಿಸಿ ಬೇಗ ಇಳಿಯುತ್ತೆ ಅಂತ ಆಗ್ಲೇ ಗೊತ್ತಾಯ್ತು. 2021ರಲ್ಲಿ ನಮ್ಮ ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ರಲ್ಲ (23ನೇ ಸ್ಥಾನ ಬಂದ್ರು), ಆ ಸೆಖೆಯಲ್ಲೂ ಕುದುರೆಗಳಿಗೆ ಐಸ್ ನೀರೇ ಹುಯ್ಯೋದು. ಒಂದು ಬಕೆಟ್ ಸಾಲಲ್ಲ, ಕತ್ತಿಂದ ಹಿಂಭಾಗದ ತನಕ ಎರಡೂ ಕಡೆ ಬಿಡದೆ ಹುಯ್ತಾನೇ ಇರಿ, ಹೊಲದ ಪೈಪ್ ಇದ್ರೆ ಇನ್ನೂ ಒಳ್ಳೇದು, ಮಧ್ಯೆ ನೆರಳಲ್ಲಿ ನಾಲ್ಕು ಹೆಜ್ಜೆ ನಡೆಸಿ ಮತ್ತೆ ಹುಯ್ಯಿರಿ. ಒದ್ದೆ ಗೋಣಿ ಮಾತ್ರ ಹೊದಿಸಿ ಬಿಡ್ಬೇಡಿ, ಅದರಡಿ ಬಿಸಿ ನಿಂತ್ಕೊಳ್ಳುತ್ತೆ. ಕುಡಿಯೋಕೂ ತಡೀಬೇಡಿ.

ತರಬೇತಿ ನಿಲ್ಲಿಸೋದು ಬೇಡ. ಆರೂ ಕಾಲಿಗೆಲ್ಲಾ ಜೀನು ಬಿಗಿದಿರ್ಬೇಕು, ಏಳು ಗಂಟೆಗೆ ಇಳಿದುಬಿಡಿ. ಸಂಜೆ ಬೇಡ ಅಂತೀನಿ, ನೆಲ ಕಾದಿರುತ್ತೆ. ಮೂರು ನಿಮಿಷ ಟ್ರಾಟ್ (ಸಣ್ಣ ಓಟ) ಆದ್ರೆ ಮೂರು ನಿಮಿಷ ನಡಿಗೆ. ಕ್ಯಾಂಟರ್ ಜೂನ್‌ಗೆ ಇಟ್ಕೊಳಿ, ಈಗ ನಡಿಗೆಯಲ್ಲೇ ಕಲಿಸೋದು ಬೇಕಾದಷ್ಟಿದೆ, ನಿಲ್ಲೋದು, ಹಿಂದಕ್ಕೆ ಹೆಜ್ಜೆ ಇಡೋದು, ಕಾಲು ಮುಟ್ಟಿಸಿದ್ರೆ ಪಕ್ಕಕ್ಕೆ ಸರಿಯೋದು. ನನ್ನ ಕುದುರೆ ಲಗಾಮಿಗೆ ಮೆತ್ತಗಾಗಿದ್ದೇ ಒಂದು ಏಪ್ರಿಲ್‌ನಲ್ಲಿ.

ಪಶುವೈದ್ಯೆ_ಧಾರವಾಡ:
ಮೇಲಿನವರು ಹೇಳಿದ್ದು ಸರಿ ಅದ. ಮೆಡಿಕಲ್ ಅಂಗಡ್ಯಾಗ ಸಿಗೋ ಡಿಜಿಟಲ್ ಥರ್ಮಾಮೀಟರ್ ಒಂದು ತಗೊಳ್ರಿ, ಅದಕ್ಕ ದಾರ ಕಟ್ಟಿ ಬಟ್ಟಿ ಕ್ಲಿಪ್ಪಿನಿಂದ ಬಾಲಕ್ಕ ಸಿಗಸ್ರಿ, ತುದಿಗೆ ವ್ಯಾಸಲೀನ್ ಹಚ್ಚಿ ಗುದದಾಗ ಇಟ್ಟು ನೋಡ್ರಿ. ಸುಮ್ನ ನಿಂತಾಗ 99ರಿಂದ 101.5 ಡಿಗ್ರಿ ಇರ್ತದ. ಕೆಲಸ ಮಾಡಿದ ಮ್ಯಾಲೆ 103 ದಾಟೋದು ಸಹಜ, ಆದ್ರ 105ರ ಹತ್ರ ಬಂದ್ರ, ಇಲ್ಲಾ ಅರ್ಧ ತಾಸು ನೀರು ಹಾಕಿದ್ರೂ ಇಳೀಲಿಲ್ಲಂದ್ರ, ಇಲ್ಲಾ ತೂರಾಡಿದ್ರ, ತಡಾ ಮಾಡದ ಡಾಕ್ಟರನ್ನ ಕರೀರಿ.

ನೀವು ನೋಡಿದ ಬಿಳಿ ಗೆರಿ ಭಾಳ ಮುಖ್ಯ. ಮನುಷ್ಯಾರ ಬೆವರಿನಾಗ ರಕ್ತಕ್ಕಿಂತ ಉಪ್ಪು ಕಡಿಮಿ, ಕುದುರಿ ಬೆವರಿನಾಗ ಹೆಚ್ಚು. ಜೋರು ಕೆಲಸದಾಗ ತಾಸಿಗೆ 10 ಲೀಟರ್ ಮ್ಯಾಲೆ ಬೆವರಬಹುದು. ನೀರು ಉಪ್ಪು ಎರಡೂ ಒಮ್ಮೆ ಹೋಗೋದ್ರಿಂದ ಅದಕ್ಕ ತ್ರಾಸ ಆಗಿದ್ರೂ ನೀರಡಿಕಿ ಆಗೂದಿಲ್ಲ, ಬಕೆಟ್ ಮುಂದ ಇಟ್ರೂ ಮೂಸಿ ಬಿಡ್ತದ. ಅದಕ್ಕ ದಿನಾ ಮೇವಿನಾಗ ಎರಡು ದೊಡ್ಡ ಚಮಚ ಅಡಗಿ ಉಪ್ಪು ಹಾಕ್ರಿ, ಬೆವರಿದ ದಿನ ಇನ್ನೊಂದು. ನೀರಾಗ ಉಪ್ಪು ಕಲಸಿದ್ರ ಬಾಜೂಕ ಸಪ್ಪನ ನೀರಿನ ಬಕೆಟ್ಟೂ ಇರಬೇಕು. ಹುರಳಿ ಎಷ್ಟು ಹಾಕ್ತೀರಿ? ಬ್ಯಾಸಗ್ಯಾಗ ಅದನ್ನ ಇಳಸ್ರಿ, ಪ್ರೋಟೀನ್ ಜಾಸ್ತಿ ಆದ್ರ ಮೈಬಿಸಿ ಏರ್ತದ, ಉಚ್ಚಿನೂ ಜಾಸ್ತಿ, ನೀರೂ ಜಾಸ್ತಿ ಬೇಕು. ಹುರಳಿ ಉಷ್ಣ ಅಂತ ಹಿರ್ಯಾರು ಅಂದಿದ್ದು ಇದಕ್ಕ ಇರಬೇಕು.

ಕುಡ್ಲದ_ಕುದುರೆ:
ನಾನು ಮಂಗಳೂರು. ನಿಮ್ಮಲ್ಲಿ ಬಿಸಿಲು ಜಾಸ್ತಿ ಆದ್ರೂ ಗಾಳಿ ಒಣ ಇದೆಯಲ್ವಾ, ಬೆವರು ಆರ್ತದೆ. ಸವಾರರು ಒಂದು ಲೆಕ್ಕ ಹಾಕ್ತಾರೆ, ಫ್ಯಾರನ್‌ಹೀಟ್ ಉಷ್ಣಾಂಶಕ್ಕೆ ತೇವಾಂಶದ ಶೇಕಡಾ ಕೂಡಿಸುದು. 130ರ ಒಳಗೆ ಆದ್ರೆ ಅಡ್ಡಿಯಿಲ್ಲ, 150 ದಾಟಿದ್ರೆ ಜಾಗ್ರತೆ, 180 ಅಂದ್ರೆ ಹತ್ಲೇಬಾರ್ದು. ನಮ್ಮಲ್ಲಿ 90 ಡಿಗ್ರಿ, ತೇವಾಂಶ 75, ಅಲ್ಲಿಗೇ 165 ಆಯ್ತು. ನಿಮ್ಮಲ್ಲಿ 100 ಡಿಗ್ರಿ, ತೇವಾಂಶ 25 ಅಂದ್ರೆ 125, ಆದ್ರೆ ಈ ಲೆಕ್ಕಕ್ಕೆ ತಲೆ ಮೇಲಿನ ಬಿಸಿಲು ಸೇರುದಿಲ್ಲ, ಅದನ್ನು ನೀವೇ ನೋಡ್ಬೇಕು. ನನ್ನ ಥರೋಬ್ರೆಡ್ (ರೇಸ್ ತಳಿ) ಕುದುರೆ ಇಲ್ಲಿಗೆ ಬಂದ ಎರಡನೇ ಬೇಸಿಗೆಗೆ ಬೆವರುದೇ ನಿಲ್ಲಿಸಿತು, ಕತ್ತಿನ ಕೂದಲಿನಡಿ ಮತ್ತೆ ತೊಡೆ ಸಂದಿಯಲ್ಲಿ ಮಾತ್ರ ಸ್ವಲ್ಪ ಒದ್ದೆ, ಬಾಕಿ ಮೈ ಪೂರಾ ಒಣ, ಆದ್ರೆ ನಿಂತಲ್ಲೇ ಏದುಸಿರು. ಖಚಿತ ಔಷಧಿ ಇಲ್ಲ ಅಂದ್ರು, ಕಡೆಗೆ ಘಟ್ಟದ ಮೇಲೆ ಕಳಿಸಿದೆ, ಅಲ್ಲಿ ಸರಿಯಾಯ್ತು. ನಿಮ್ಮದು ಬೆವರ್ತಾ ಉಂಟಲ್ಲ, ಅದು ಒಳ್ಳೇದೇ. ದಿನಾ ಗಮನಿಸಿ.

ಘಟಪ್ರಭಾ_ಸವಾರ:
ಎಲ್ಲಾರಿಗೂ ಭಾಳ ಉಪಕಾರ್ರಿ. ಡಾಕ್ಟ್ರೇ, ಹುರಳಿ ದಿನಾ ಎರಡು ಕಿಲೋ ಹಾಕ್ತಿದ್ದೆ, ಅರ್ಧ ಮಾಡಿ ಕುದುರಿ ಮಸಾಲಿ ಸೊಪ್ಪು (ಲೂಸರ್ನ್ ಮೇವು) ಜಾಸ್ತಿ ಮಾಡೂಣು ಅಂದ್ರ ಅದರಾಗೂ ಪ್ರೋಟೀನ್ ಇರತೈತಲ್ರಿ, ಒಣ ಹುಲ್ಲ ಹೆಚ್ಚ ಮಾಡ್ಲೇನು? ಥರ್ಮಾಮೀಟರ್ ತಂದೆ. ಇವತ್ತ ಆರೂ ಇಪ್ಪತ್ತಕ್ಕ ಹತ್ತಿ ಇಪ್ಪತ್ತೈದ ನಿಮಿಷಕ್ಕ ಇಳದೆ, 102.8 ಇತ್ತು. ಬೋರಿನ ಪೈಪ್ ಹಿಡದು ನೀರು ಬಿಟ್ವಿ, ಹನ್ನೆರಡ ನಿಮಿಷಕ್ಕ 101.2. ದೊಡ್ಡಪ್ಪ ಬಾಜೂಕ ನಿಂತು ಕಾಲು ಒಂದೊಂದ ಮುಟ್ಟಿ ನೋಡಿದ್ರು, ನರ ಎಲ್ಲೂ ಹಿಡದಿಲ್ಲ. ಆಮ್ಯಾಲೆ ಪೈಪ್ ತಾವೇ ಇಸ್ಕೊಂಡ್ರು.