ಅಯೋವಾದ ಲೀ ಕೌಂಟಿ: ‘1836ರಲ್ಲಿ ಬಂದವರು’ ಎಂಬ ಮಾತನ್ನು ಎಷ್ಟು ನಂಬಬಹುದು?

ಅಂಚೆಪೇದೆ:
ಅಳಿಯನ ತಾಯಿಯ ಕಡೆಯವರು ಅಮೆರಿಕದ ಅಯೋವಾ ರಾಜ್ಯದ ಲೀ ಕೌಂಟಿಯವರು (ಕೌಂಟಿ ಅಂದರೆ ನಮ್ಮ ಜಿಲ್ಲೆಯಂತೆ). 1879ರಲ್ಲಿ ಷಿಕಾಗೋದಲ್ಲಿ ಅಚ್ಚಾದ ಕೌಂಟಿ ಇತಿಹಾಸದಲ್ಲಿ ಆ ಮನೆತನದ ಬಗ್ಗೆ ನಾಲ್ಕಾರು ಸಾಲುಗಳಿವೆ: ಯಜಮಾನ ಹುಟ್ಟಿದ್ದು ಕೆಂಟಕಿಯಲ್ಲಿ, ಕೌಂಟಿಗೆ ಬಂದದ್ದು 1836ರಲ್ಲಿ, ಈ ಭಾಗದ ಮೊದಲ ನಿವಾಸಿಗಳಲ್ಲೊಬ್ಬ. ಆದರೆ ಫೆಡರಲ್ ಭೂ ಕಚೇರಿಯ ಜಾಲತಾಣದಲ್ಲಿ ಸಿಕ್ಕ ಹಕ್ಕುಪತ್ರದ ತಾರೀಖು 1841. ಪುಸ್ತಕದವರು ಐದು ವರ್ಷ ಹಿಂದಕ್ಕೆ ಎಳೆದಿದ್ದಾರಾ? ಯಾವುದನ್ನು ಹಿಡಿಯಲಿ?

ಹಳೇದಫ್ತರ:
ದಾಖಲೆಯನ್ನು ಹಿಡಿಯಿರಿ. 1870ರ ದಶಕದ ಕೊನೆಯಿಂದ ಬಂದ ಈ ಕೌಂಟಿ ಇತಿಹಾಸಗಳು ಮುಂಗಡ ಚಂದಾದ ಮೇಲೆ ನಡೆದ ವ್ಯಾಪಾರ. ಏಜೆಂಟರು ಮನೆಮನೆಗೆ ಹೋಗಿ ಚಂದಾ ಬರೆಸಿಕೊಳ್ಳುತ್ತಿದ್ದರು, ಮನೆಯವರು ಹೇಳಿದ್ದನ್ನೇ ಜೀವನಚಿತ್ರ ಎಂದು ಅಚ್ಚು ಹಾಕುತ್ತಿದ್ದರು. ಯಾರೂ ಪರೀಕ್ಷಿಸಿ ನೋಡಲಿಲ್ಲ. ‘ಮೂವರು ಅಣ್ಣತಮ್ಮಂದಿರು ಸಮುದ್ರ ದಾಟಿ ಬಂದರು’ ಎಂಬ ಕಥೆ ಇಂಥ ಪುಸ್ತಕಗಳಲ್ಲಿ ಎಷ್ಟು ಮನೆತನಗಳಿಗೆ ಅಂಟಿಕೊಂಡಿದೆ ನೋಡಿ. ಇನ್ನು ‘ಮೊದಲ ನಿವಾಸಿ’ ಎಂಬುದು ಬರೀ ಬಿರುದು. ಆ ನೆಲ ಸಾಕ್ ಮತ್ತು ಮೆಸ್ಕ್ವಾಕಿ ಜನರದ್ದು. ಬಿಳಿಯರ ಲೆಕ್ಕವನ್ನೇ ಹಿಡಿದರೂ, ಅದೇ ಕೌಂಟಿಯ ಮಾಂಟ್ರೋಸ್ ಊರು ಈಗ ಇರುವ ಕಡೆ ಸ್ಪ್ಯಾನಿಷ್ ಆಡಳಿತ ಲೂಯಿ ಟೆಸನ್ ಎಂಬವನಿಗೆ 1799ರಲ್ಲೇ ಜಮೀನು ಕೊಟ್ಟಿತ್ತು.

ಚಕ್ಕುಬಂದಿ:
ಬಿರುದಿನ ಮಾತು ಒಪ್ಪಿದೆ ದಫ್ತರದವರೇ. ಆದರೆ 1841ನ್ನು ಹಿಡಿದುಕೊಂಡು 1836ನ್ನು ಬಿಡಿ ಅನ್ನುವುದು ಅದಕ್ಕಿಂತ ದೊಡ್ಡ ತಪ್ಪು.

ಬ್ಲ್ಯಾಕ್ ಹಾಕ್ ಖರೀದಿ ಎನ್ನುವ ಆ ನೆಲದ ಪಟ್ಟಿ, ಅಂದರೆ ಸಾಕ್ ಮತ್ತು ಮೆಸ್ಕ್ವಾಕಿ ಜನರಿಂದ ಸರ್ಕಾರ ಪಡೆದ ಪ್ರದೇಶ, ವಲಸಿಗರಿಗೆ ತೆರೆದದ್ದು 1833ರ ಜೂನ್ 1ಕ್ಕೆ. ಬರ್ಲಿಂಗ್ಟನ್ ಭೂ ಕಚೇರಿಯಲ್ಲಿ ಮೊದಲ ಸರ್ಕಾರಿ ಹರಾಜು ನಡೆದದ್ದು 1838ರ ನವೆಂಬರ್‌ನಲ್ಲಿ. ನಡುವಿನ ಐದು ವರ್ಷ ಅಲ್ಲಿ ಉತ್ತವರೆಲ್ಲ, ನಮ್ಮ ಮಾತಲ್ಲಿ ಹೇಳುವುದಾದರೆ, ಬಗರ್ ಹುಕುಂ ಸಾಗುವಳಿದಾರರು. ಅವರ ಹೆಸರಲ್ಲಿ 1836ರ ಹಕ್ಕುಪತ್ರ ಇರಲು ಸಾಧ್ಯವೇ ಇಲ್ಲ. ಹರಾಜಿನಲ್ಲಿ ಎಕರೆಗೆ 1.25 ಡಾಲರ್ ಕಟ್ಟಿದರೆ ಕೈಗೆ ಬರುತ್ತಿದ್ದದ್ದು ರಸೀದಿ. ಹಕ್ಕುಪತ್ರ ವಾಷಿಂಗ್ಟನ್ನಿನಲ್ಲಿ ತಯಾರಾಗಿ ಬರುವುದಕ್ಕೆ ವರ್ಷ ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತಿತ್ತು. ಜಾಲತಾಣದಲ್ಲಿ ಕಾಣುವ 1841 ಆ ಕೊನೆಯ ಕಾಗದದ ತಾರೀಖು. ದುಡ್ಡು ಕಟ್ಟಿದ ದಿನ ಬೇಕಿದ್ದರೆ ಟ್ರ್ಯಾಕ್ಟ್ ಬುಕ್, ಅಂದರೆ ಭೂ ಕಚೇರಿ ಜಮೀನುವಾರು ಮಾರಾಟ ಬರೆದಿಡುತ್ತಿದ್ದ ಪುಸ್ತಕ ನೋಡಬೇಕು, ಇಲ್ಲವೇ ಹಕ್ಕುಪತ್ರದ ಮೇಲಿನ ಸರ್ಟಿಫಿಕೇಟ್ ನಂಬರ್ ಕೊಟ್ಟು ನ್ಯಾಷನಲ್ ಆರ್ಕೈವ್ಸ್‌ನಿಂದ ಆ ಜಮೀನಿನ ಕಡತ ತರಿಸಬೇಕು. ನಗದು ಖರೀದಿಯಾದರೆ ಕಡತದಲ್ಲಿ ರಸೀದಿ ಬಿಟ್ಟು ಹೆಚ್ಚೇನೂ ಇರುವುದಿಲ್ಲ. ಸಾಗುವಳಿ ಹಕ್ಕಿನ ಮೇಲೆ, ಅಂದರೆ ಪ್ರಿಎಂಪ್ಷನ್ ಅಡಿಯಲ್ಲಿ ಕೊಂಡಿದ್ದರೆ ‘ಇಂಥ ದಿನದಿಂದ ಇಲ್ಲೇ ವಾಸ’ ಎಂಬ ಪ್ರಮಾಣಪತ್ರ ಸಿಗಬಹುದು. ಆ ಒಂದು ಹಾಳೆ ಪುಸ್ತಕಕ್ಕಿಂತ ಬೆಲೆಯುಳ್ಳದ್ದು.

ಸುಮಾ ಎಚ್.:
ಇನ್ನೊಂದು ಗುಂಡಿ ಇದೆ. ಹರಾಜಿನ ಹೊತ್ತಿಗೆ 160 ಎಕರೆಗೆ ಬೇಕಾದ 200 ಡಾಲರ್ ಎಷ್ಟೋ ಸಾಗುವಳಿದಾರರ ಬಳಿ ಇರಲಿಲ್ಲ. ಲೇವಾದೇವಿಗಾರ ತನ್ನ ಹೆಸರಲ್ಲೇ ಜಮೀನು ಕೊಂಡು, ಗಡುವಿನೊಳಗೆ ಅಸಲು ಬಡ್ಡಿ ತೀರಿಸಿದರೆ ಬರೆದುಕೊಡುತ್ತೇನೆ ಎಂದು ಕರಾರು ಮಾಡಿಕೊಳ್ಳುತ್ತಿದ್ದ. ಅಂಥ ಕಡೆ ಹಕ್ಕುಪತ್ರದಲ್ಲಿ ಉಳುವವನ ಹೆಸರೇ ಇರುವುದಿಲ್ಲ, ಆಮೇಲಿನ ಮೊದಲ ಕ್ರಯಪತ್ರದಲ್ಲಿ ಬರುತ್ತದೆ. ಆದ್ದರಿಂದ ಹೆಸರಿನಿಂದ ಮಾತ್ರ ಹುಡುಕಬೇಡಿ, ನೆಲದಿಂದ ಹುಡುಕಿ: ಐದನೇ ಪ್ರಧಾನ ಮೆರಿಡಿಯನ್ (ಅಳತೆಗೆ ಆಧಾರವಾದ ಉತ್ತರ-ದಕ್ಷಿಣ ಗೆರೆ), ಟೌನ್‌ಶಿಪ್ ಮತ್ತು ರೇಂಜ್ (ಆರು ಮೈಲಿ ಚೌಕದ ಗುರುತು), ಸೆಕ್ಷನ್ (ಅದರೊಳಗಿನ ಒಂದು ಮೈಲಿ ಚೌಕ).

ಸೆಕ್ಷನ್ ನಂಬರ್ ಎಲ್ಲಿ ಸಿಗುತ್ತದೆ ಅಂದರೆ, ಹಳೇದಫ್ತರದವರು ಬೈದ ಅದೇ ಪುಸ್ತಕದಲ್ಲಿ. ಹಿಂಭಾಗದ ಟೌನ್‌ಶಿಪ್‌ವಾರು ಪಟ್ಟಿಯಲ್ಲಿ ‘ಫಾರ್., ಸೆಕ್. 22; ಪಿ.ಒ. ಇಂಥ ಊರು’ ಎಂಬ ಮೊಟಕು ನಮೂದುಗಳಿರುತ್ತವೆ. ಅಂದರೆ ರೈತ, ಸೆಕ್ಷನ್ 22, ಅಂಚೆ ಇಂಥಲ್ಲಿ. ಜಂಬದ ಜೀವನಚಿತ್ರಕ್ಕಿಂತ ನನಗೆ ಈ ಒಣ ಸಾಲೇ ಇಷ್ಟ.

ಹಳೇದಫ್ತರ:
ಆ ಸೆಕ್ಷನ್ 1879ರಲ್ಲಿ ಇದ್ದದ್ದು. 1836ರ ಜಾಗ ಅದೇ ಎಂದು ಯಾರು ಹೇಳಿದರು?

ಸುಮಾ ಎಚ್.:
ಯಾರೂ ಹೇಳಲಿಲ್ಲ, ಅದಕ್ಕೇ ಅಲ್ಲಿಂದ ಹಿಂದಕ್ಕೆ ನಡೆಯಬೇಕು. ಕೌಂಟಿಯಲ್ಲಿ ಪತ್ರ ನೋಂದಾಯಿಸುವ ರೆಕಾರ್ಡರ್ ಕಚೇರಿಯಲ್ಲಿ ಕೊಟ್ಟವರ ಸೂಚಿ, ಕೊಂಡವರ ಸೂಚಿ ಬೇರೆಬೇರೆ. ಎರಡನ್ನೂ ನೋಡಿ. ಅಣ್ಣತಮ್ಮಂದಿರು ಸೇರಿ ತಂದೆಯ ಜಮೀನು ಮಾರಿದ್ದರೆ ಸೂಚಿಯಲ್ಲಿ ಮೊದಲನೆಯವನ ಹೆಸರು ಮಾತ್ರ, ಉಳಿದವರೆಲ್ಲ ‘ಇತರರು’. ಪತ್ರ ತೆಗೆದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಅವರ ಗಂಡಂದಿರು, ವಾಸದ ಕೌಂಟಿ ಎಲ್ಲವೂ ಸಾಲಾಗಿ ಸಿಗಬಹುದು. ಗಂಡ ಮಾರುವಾಗ ಹೆಂಡತಿ ತನ್ನ ಡವರ್ ಹಕ್ಕು (ಗಂಡನ ಜಮೀನಿನಲ್ಲಿ ವಿಧವೆಗೆ ಸಲ್ಲುವ ಪಾಲು) ಬಿಟ್ಟುಕೊಟ್ಟು ಸಹಿ ಹಾಕುತ್ತಿದ್ದಳು. 1850ಕ್ಕಿಂತ ಮುಂಚೆ ಹೆಂಗಸರ ಹೆಸರು ಸಿಗುವ ಕೆಲವೇ ಜಾಗಗಳಲ್ಲಿ ಅದೊಂದು. ಪತ್ರವಾದ ತಾರೀಖು, ನೋಂದಣಿಯ ತಾರೀಖು ಎರಡನ್ನೂ ಬರೆದುಕೊಳ್ಳಿ. ನಡುವೆ ಹತ್ತಿಪ್ಪತ್ತು ವರ್ಷ ಇರುವುದುಂಟು.

ವಂಶಾವಳಿ ಹುಡುಕುವ ಜಾಲತಾಣ ಫ್ಯಾಮಿಲಿಸರ್ಚ್‌ನಲ್ಲಿ ಈಗ ಕೈಬರಹವನ್ನೇ ಯಂತ್ರ ಓದಿ ಪೂರ್ಣಪಠ್ಯ ಹುಡುಕಿಕೊಡುತ್ತದೆ. ಸೂಚಿಗೆ ಸೇರದ ಸಾಕ್ಷಿಗಳು, ಪಕ್ಕದ ಜಮೀನಿನವರು ಅದರಲ್ಲಿ ಸಿಗುತ್ತಾರೆ. ದೊಡ್ಡ ‘ಎಲ್’ ಮತ್ತು ‘ಎಸ್’, ‘ಐ’ ಮತ್ತು ‘ಜೆ’ ಅದಲುಬದಲಾಗುತ್ತವೆ, ಆ ರೀತಿಯೂ ಹುಡುಕಿ.

ಗೆರೆಮೇಲೆ:
ಎಲ್ಲರೂ ಹಕ್ಕುಪತ್ರದ ಮೇಲೆ ಜಗಳವಾಡುತ್ತಿದ್ದೀರಿ. ಲೀ ಕೌಂಟಿಯಲ್ಲಿ ಮೊದಲು ಕೇಳಬೇಕಾದದ್ದು ಜಮೀನು ಯಾವ ಗೆರೆಯ ಯಾವ ಕಡೆ ಇದೆ ಎಂಬುದು. ಮಿಸ್ಸಿಸಿಪ್ಪಿ ಮತ್ತು ಡೆಮಾಯ್ನ್ ನದಿಗಳ ನಡುವೆ, ಮಿಸ್ಸೂರಿಯ ಉತ್ತರ ಗಡಿಯನ್ನು ಪೂರ್ವಕ್ಕೆ ಎಳೆದರೆ ಬರುವ ಗೆರೆಯ ಕೆಳಗೆ, ಸುಮಾರು 1,19,000 ಎಕರೆಯನ್ನು 1824ರ ಒಪ್ಪಂದ ಸಾಕ್ ಮತ್ತು ಮೆಸ್ಕ್ವಾಕಿ ಜನರ ಮಿಶ್ರಸಂತಾನಕ್ಕೆ ಬಿಟ್ಟಿತ್ತು. ‘ಹಾಫ್ ಬ್ರೀಡ್ ಟ್ರ್ಯಾಕ್ಟ್’ ಎಂದೇ ಆ ಕಾಲದ ದಾಖಲೆಗಳಲ್ಲಿ ಹೆಸರು. 1834ರಲ್ಲಿ ಕಾಂಗ್ರೆಸ್ ಮಾರಾಟಕ್ಕೆ ದಾರಿ ಬಿಟ್ಟ ಮೇಲೆ ಹಕ್ಕುಗಳು ಕೈಯಿಂದ ಕೈಗೆ ಹೋಗಿ ಗೋಜಲಾಯಿತು. ಕೊನೆಗೆ 1841ರಲ್ಲಿ ಕೋರ್ಟ್ ಡಿಕ್ರಿ ಮಾಡಿ 101 ಪಾಲು ಹಾಕಿತು. ಅಲ್ಲಿನ ಸಾಮಾನ್ಯ ರೈತನಿಗೆ ಭೂ ಕಚೇರಿಯ ಹಕ್ಕುಪತ್ರ ಇರುವುದಿಲ್ಲ. ಡಿಕ್ರಿ, ಕೋರ್ಟ್ ಕಡತ, ಖಾಸಗಿ ಪತ್ರಗಳೇ ಗತಿ. ಹಕ್ಕುಪತ್ರ ಇಲ್ಲ, ಆದ್ದರಿಂದ ಪುಸ್ತಕ ಸುಳ್ಳು ಅನ್ನುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಜೊತೆಗೆ, ಈ ಕೌಂಟಿಗೆ ಎರಡು ಕೋರ್ಟ್‌ಹೌಸ್: ಫೋರ್ಟ್ ಮ್ಯಾಡಿಸನ್ ಮತ್ತು ಕಿಯೊಕಕ್. ಒಂದರಲ್ಲಿ ಇಲ್ಲ ಎಂದರೆ ಅರ್ಧ ಉತ್ತರ ಮಾತ್ರ.

ಅಂಚೆಪೇದೆ:
ನಮ್ಮ ಸೆಕ್ಷನ್ ಆ ಗೆರೆಯ ಉತ್ತರಕ್ಕಿದೆ. 1836ರ ಜನಗಣತಿಯಲ್ಲಿ ಲೀ ಕೌಂಟಿ ಎಂದು ಹುಡುಕಿದರೆ ಏನೂ ಬರುತ್ತಿಲ್ಲ.

ಚಕ್ಕುಬಂದಿ:
ಬರುವುದಿಲ್ಲ ಸರ್. ಲೀ ಕೌಂಟಿ ಹುಟ್ಟಿದ್ದೇ 1836ರ ಡಿಸೆಂಬರ್‌ನಲ್ಲಿ. ಆ ಬೇಸಿಗೆಯ ಗಣತಿ ವಿಸ್ಕಾನ್ಸಿನ್ ಟೆರಿಟರಿಯದ್ದು (ಇನ್ನೂ ರಾಜ್ಯವಾಗದ ಪ್ರದೇಶ, ಅಯೋವಾ ಆಗ ಅದರೊಳಗಿತ್ತು), ನಿಮ್ಮ ಜಾಗ ಆಗ ಡೆಮಾಯ್ನ್ ಕೌಂಟಿ. ಮನೆ ಯಜಮಾನನ ಹೆಸರು ಮಾತ್ರ ಇರುತ್ತದೆ, ಉಳಿದವರು ತಲೆಲೆಕ್ಕ. ಅಲ್ಲೂ ಇಲ್ಲದಿದ್ದರೆ ನದಿಯಾಚೆ ಇಲಿನಾಯ್‌ನ ಹ್ಯಾನ್‌ಕಾಕ್ ಕೌಂಟಿ ನೋಡಿ. ಎಷ್ಟೋ ಮನೆಗಳು ಒಂದೆರಡು ವರ್ಷ ಪೂರ್ವದ ದಡದಲ್ಲಿದ್ದು ಆಮೇಲೆ ದಾಟಿದವು. ಮದುವೆ ದಾಖಲೆ ಅಲ್ಲೇ ಇರಬಹುದು.

ವಲಸೆಯ ದಾರಿ ಹಿಡಿಯಲು 1850ರ ಫೆಡರಲ್ ಗಣತಿ. ಮನೆಯಲ್ಲಿರುವ ಎಲ್ಲರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಬರೆದದ್ದು ಅದೇ ಮೊದಲು. 16 ವರ್ಷದವನು ಇಂಡಿಯಾನಾ, 13ರವಳು ಅಯೋವಾ ಎಂದಿದ್ದರೆ ದಾಟಿದ್ದು ಸುಮಾರು 1834 ಮತ್ತು 1837ರ ನಡುವೆ. ಆದರೆ ಒಬ್ಬರಿಗೊಬ್ಬರು ಏನಾಗಬೇಕು ಎಂಬ ಕಾಲಂ 1880ರವರೆಗೆ ಇಲ್ಲ. ಒಂದೇ ಮನೆಯಲ್ಲಿದ್ದ ಮಾತ್ರಕ್ಕೆ ಮಗ ಎಂದು ಬರೆದುಕೊಳ್ಳಬೇಡಿ, ತಮ್ಮನ ಮಗನಿರಬಹುದು, ಹೆಂಡತಿಯ ಮೊದಲ ಮದುವೆಯ ಮಗನಿರಬಹುದು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಸಿಗುವುದು ಅಯೋವಾದ 1856ರ ರಾಜ್ಯ ಗಣತಿಯಲ್ಲಿ. ಒಬ್ಬೊಬ್ಬರೂ ರಾಜ್ಯದಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂಬ ಕಾಲಂ ಇದೆ.

ಹಳೇದಫ್ತರ:
ಅದನ್ನು ಹೇಳಿದ್ದೂ ಅದೇ ಮನೆಯವರು. ಸ್ವತಂತ್ರ ಸಾಕ್ಷಿ ಹೇಗಾಯಿತು?

ಚಕ್ಕುಬಂದಿ:
ಪೂರ್ತಿ ಸ್ವತಂತ್ರ ಅಲ್ಲ, ಒಪ್ಪುತ್ತೇನೆ. ಆದರೆ ಪುಸ್ತಕಕ್ಕಿಂತ 23 ವರ್ಷ ಹಿಂದಿನ ಮಾತು, ‘ಹಳೇ ನಿವಾಸಿ’ ಎಂಬ ಹಮ್ಮು ಇನ್ನೂ ಹುಟ್ಟದ ಕಾಲದ್ದು. ಮನೆಯವರ ಬಾಯಿಂದ ಬರದ ಸಾಕ್ಷಿಯೇ ಬೇಕೆಂದರೆ ಸರ್ಕಾರಿ ಸರ್ವೇಯರ್‌ಗಳ ಟಿಪ್ಪಣಿ ಮತ್ತು ಟೌನ್‌ಶಿಪ್ ನಕ್ಷೆ ಇವೆ. ಸೆಕ್ಷನ್ ಗೆರೆ ಎಳೆಯುವಾಗ ದಾರಿಯಲ್ಲಿ ಸಿಕ್ಕ ಹೊಲ, ಗುಡಿಸಲುಗಳನ್ನು ಗುರುತು ಹಾಕಿರುವುದುಂಟು, ಒಮ್ಮೊಮ್ಮೆ ಹೆಸರಿನ ಸಮೇತ. ಗೆರೆಯಿಂದ ದೂರದ ಮನೆ ಮಾತ್ರ ಅವರ ಕಣ್ಣಿಗೆ ಬಿದ್ದಿರುವುದಿಲ್ಲ.

ಗೆರೆಮೇಲೆ:
ವಾರಂಟ್, ಅಂದರೆ ಸೈನಿಕ ಸೇವೆಗೆ ಸರ್ಕಾರ ಕೊಡುತ್ತಿದ್ದ ಜಮೀನಿನ ಚೀಟಿಯ ವಿಚಾರ ಬಿಟ್ಟುಹೋಯಿತು. ಇದೇ ಮನೆಯವರು 1850ರ ದಶಕದಲ್ಲಿ ಇನ್ನಷ್ಟು ಜಮೀನು ಪಡೆದಿದ್ದು, ಹಕ್ಕುಪತ್ರದಲ್ಲಿ ಸೈನಿಕನೊಬ್ಬನ ಹೆಸರೂ ಇದ್ದರೆ ಅವನನ್ನು ವಂಶವೃಕ್ಷಕ್ಕೆ ಸೇರಿಸಬೇಡಿ. 1847ರಿಂದ 1855ರವರೆಗಿನ ಕಾಯ್ದೆಗಳು ಸೈನಿಕರಿಗೆ ಕೊಟ್ಟ ಭೂ ವಾರಂಟುಗಳು ಬಹುಪಾಲು ದಲ್ಲಾಳಿಗಳ ಮೂಲಕ ಮಾರಾಟವಾದವು. ಸೈನಿಕ ಅಯೋವಾಕ್ಕೆ ಕಾಲಿಟ್ಟಿರಲೇಬೇಕೆಂದಿಲ್ಲ.

ಹಳೇದಫ್ತರ:
ಪುಸ್ತಕದ ಮೇಲೆ ನನ್ನ ನಿಜವಾದ ತಕರಾರು ಅದರಲ್ಲಿ ಇಲ್ಲದವರ ಬಗ್ಗೆ. 1879ರವರೆಗೆ ಅಲ್ಲೇ ಉಳಿದು, ಕೈಯಲ್ಲಿ ದುಡ್ಡಿದ್ದವರು ಒಳಗೆ ಬಂದರು. 1839ರಲ್ಲಿ ಮಿಸ್ಸೂರಿಯಿಂದ ಓಡಿಬಂದು ಮಾಂಟ್ರೋಸ್ ಸುತ್ತ ನೆಲೆಸಿದ ಮಾರ್ಮನ್ ಪಂಥದ ಕುಟುಂಬಗಳು 1846ರಲ್ಲಿ ಪಶ್ಚಿಮಕ್ಕೆ ಹೋದವು. ಅವರಿಗೆ ಜೀವನಚಿತ್ರ ಬರೆಯುವವರು ಯಾರು? ನಿಮ್ಮ ಯಜಮಾನನ ಅಕ್ಕತಂಗಿಯರು, ಬೇರೆಡೆಗೆ ಹೋದ ತಮ್ಮ ಬೇಕಿದ್ದರೆ ಪ್ರೊಬೇಟ್ ಕಡತಕ್ಕೇ, ಅಂದರೆ ಸತ್ತವರ ಆಸ್ತಿ ಇತ್ಯರ್ಥದ ಕೋರ್ಟ್ ಕಡತಕ್ಕೇ ಹೋಗಬೇಕು. ಉಯಿಲಿನ ಹಾಳೆಯೊಂದೇ ಸಾಲದು, ಇಡೀ ಕಟ್ಟು ತೆಗೆಸಿ: ಆಸ್ತಿ ಪಟ್ಟಿ, ಹರಾಜಿನಲ್ಲಿ ಹಸು ನೇಗಿಲು ಕೊಂಡವರ ಹೆಸರು, ವಾರಸುದಾರರಿಗೆ ಹಂಚಿದ ರಸೀದಿ. ತಾಯಿ ಬದುಕಿದ್ದರೂ ಅಪ್ರಾಪ್ತ ಮಕ್ಕಳ ಆಸ್ತಿಗೆ ಪೋಷಕನನ್ನು ನೇಮಿಸುತ್ತಿದ್ದರು. ಪೋಷಕ ಅಂದಕೂಡಲೇ ಮಕ್ಕಳು ಅನಾಥರು ಎಂದುಕೊಳ್ಳಬೇಡಿ.

ಅಂಚೆಪೇದೆ:
1856ರ ಹಾಳೆ ಸಿಕ್ಕಿತು. ಗಂಡ ಹೆಂಡತಿ ಇಬ್ಬರ ಮುಂದೆಯೂ 19. ಹಿರಿಯ ಮಗ 20 ವರ್ಷದವನು, ಹುಟ್ಟಿದ್ದು ಇಲಿನಾಯ್, ಅವನ ಮುಂದೆಯೂ 19. ಹಾಗಾದರೆ ಬಂದದ್ದು 1837 ಆಯಿತಲ್ಲ?

ಸುಮಾ ಎಚ್.:
ಅಷ್ಟು ಬೇಗ ಬೇಡ. 1836ರ ಮಳೆಗಾಲ ಕಳೆದು ಬಂದವರಿಗೆ 1856ರ ಬೇಸಿಗೆಯಲ್ಲಿ 20 ತುಂಬಿರುವುದಿಲ್ಲ. ಮಗ ಇಲಿನಾಯ್‌ನಲ್ಲಿ ಹುಟ್ಟಿದ್ದಾನೆ ಎಂಬುದನ್ನು ನೋಡಿದರೆ ಕೆಂಟಕಿಯಿಂದ ನೇರ ಬಂದವರಲ್ಲ, ಪುಸ್ತಕ ನಡುವಿನ ನಿಲ್ದಾಣವನ್ನು ನುಂಗಿದೆ. 1836ರ ಗಣತಿಯಲ್ಲಿ ಹೆಸರಿಲ್ಲದಿದ್ದರೂ ಇದಕ್ಕೆ ಹೊಂದುತ್ತದೆ. ಹ್ಯಾನ್‌ಕಾಕ್ ಕೌಂಟಿಯ ಮದುವೆ ಸೂಚಿಯನ್ನು 1829ರಿಂದ 1837ರವರೆಗೆ ನೋಡಿ, ಹೆಂಡತಿಯ ತವರಿನ ಹೆಸರು ಸಿಕ್ಕರೆ ಅದೇ ಹೆಸರಿನವರು ನಿಮ್ಮ ಸೆಕ್ಷನ್ನಿನ ಅಕ್ಕಪಕ್ಕ ಜಮೀನು ಕೊಂಡಿದ್ದಾರೆಯೇ ಎಂದು ಟ್ರ್ಯಾಕ್ಟ್ ಬುಕ್‌ನಲ್ಲಿ ಹುಡುಕಿ.

ಹಳೇದಫ್ತರ:
ಹ್ಯಾನ್‌ಕಾಕ್‌ನಲ್ಲಿ ಸಿಗದಿದ್ದರೆ ಪಕ್ಕದ ಆಡಮ್ಸ್ ಕೌಂಟಿ. ಹ್ಯಾನ್‌ಕಾಕ್ ಆಡಳಿತ ಶುರುವಾದದ್ದೇ 1829ರಲ್ಲಿ.